ಕೊಡುವ ಕಿಂಡಿ, ಪಡೆಯದ ಕಿಂಡಿ: ಗೇಮ್ ಕನ್ಸೋಲ್‌ನ ಸರೌಂಡ್ ಸದ್ದು ಕಂಪ್ಯೂಟರ್‌ನಲ್ಲಿ ಏಕೆ ತೊಡಕಾಗುತ್ತದೆ?

ತುಮಕೂರಿನ ಬಿ.ಎಚ್. ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದಿರುವ ಕೋಣೆಗಳಲ್ಲಿ ಟಿ.ವಿ. ಅಪರೂಪ. ಮೇಜಿನ ಮೇಲೊಂದು ಮಾನಿಟರ್, ಕೆಳಗೆ ಕಂಪ್ಯೂಟರ್, ಹಾಸಿಗೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಎರಡು ಪುಟ್ಟ ಸ್ಪೀಕರ್. ಅಲ್ಲಿನ ಮಟ್ಟಿಗೆ ಅದೇ ಹೋಂ ಥಿಯೇಟರ್. ಅಂಥದೊಂದು ಕೋಣೆಗೆ ನನ್ನ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 ಒಂದನ್ನು ತಂದ. ಅದರ ಬೆನ್ನಿನಲ್ಲಿದ್ದ, ಸದ್ದನ್ನು ಬೆಳಕಿನ ರೂಪದಲ್ಲಿ ಕಳಿಸುವ ಆಪ್ಟಿಕಲ್ ಕಿಂಡಿಯಿಂದ ಕಂಪ್ಯೂಟರ್‌ನ ಸೌಂಡ್ ಕಾರ್ಡಿಗೆ ಕೇಬಲ್ ಎಳೆದು, ಸುತ್ತಲಿಂದಲೂ ಕೇಳುವ ಸರೌಂಡ್ ಸದ್ದಿಗಾಗಿ ಸೆಟ್ಟಿಂಗ್ಸ್‌ನಲ್ಲಿ ಡಾಲ್ಬಿ ಎಂದು ಆರಿಸಿದ. ಸ್ಪೀಕರ್‌ಗಳಿಂದ ತಗಡಿನ ಚಾವಣಿಯ ಮೇಲೆ ಮಳೆ ಹೊಯ್ದಂಥ ಸದ್ದು ಬಂತೇ ಹೊರತು ಆಟದ ಸದ್ದು ಬರಲಿಲ್ಲ. ಕೇಬಲ್ ಕೆಟ್ಟಿದೆಯೆಂದು ಅದನ್ನು ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದ. ಕೇಬಲ್ ಸರಿಯಾಗಿಯೇ ಇತ್ತು. ಅದರ ತುದಿಯಲ್ಲಿ ಕೆಂಪು ಬೆಳಕು ಕಾಣುತ್ತಿತ್ತು.

ಈ ತೊಡಕಿನ ಬೇರು 1980ರ ದಶಕದಲ್ಲಿದೆ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಸಂಪರ್ಕವಾಗಲಿ, 1983ರಲ್ಲಿ ತೋಷಿಬಾ ತಂದ ಆಪ್ಟಿಕಲ್ ಕೇಬಲ್ ಆಗಲಿ, ಹುಟ್ಟಿದ್ದು ಸಿ.ಡಿ. ಪ್ಲೇಯರ್‌ಗಳ ಕಾಲದಲ್ಲಿ, ಆಗ ಎಡ ಮತ್ತು ಬಲ ಎಂಬ ಎರಡು ಚಾನೆಲ್ ಸಾಗಿಸಿದರೆ ಸಾಕಿತ್ತು. ಸೆಕೆಂಡಿಗೆ 48,000 ಮಾದರಿ (ಸದ್ದನ್ನು ಅಳೆದು ಬರೆದ ಅಂಕಿ), ಒಂದೊಂದು ಮಾದರಿಗೆ 16 ಬಿಟ್, ಎರಡು ಚಾನೆಲ್ ಎಂದು ಗುಣಿಸಿದರೆ ಸೆಕೆಂಡಿಗೆ ಸುಮಾರು 15.4 ಲಕ್ಷ ಬಿಟ್ ಆಗುತ್ತದೆ. 5.1 ಎಂಬ ಸರೌಂಡ್ ಸದ್ದಿಗೆ ಐದು ಸ್ಪೀಕರ್, ಒಂದು ಸಬ್‌ವೂಫರ್ ಎಂದು ಆರು ಚಾನೆಲ್ ಬೇಕಾದ್ದರಿಂದ ಅದೇ ಲೆಕ್ಕ 46 ಲಕ್ಷ ದಾಟುತ್ತದೆ. ಹಿಗ್ಗದ ಕೊಳವೆಯಲ್ಲಿ ಮೂರು ಪಟ್ಟು ನೀರು ಹರಿಸಲು ಉಳಿದಿದ್ದ ದಾರಿ, ಸದ್ದನ್ನೇ ಹಿಂಡಿ ಕುಗ್ಗಿಸುವುದು. 1992ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಡಿಜಿಟಲ್ ಆ ಕೆಲಸ ಮಾಡಿತು. ಆರು ಚಾನೆಲ್‌ಗಳನ್ನು ಅದು ಸೆಕೆಂಡಿಗೆ ಹೆಚ್ಚೆಂದರೆ 6.4 ಲಕ್ಷ ಬಿಟ್‌ಗೆ ಇಳಿಸಿತು. ಹೀಗೆ ಕುಗ್ಗಿದ ಗಂಟು ಹಳೆಯ ಕೇಬಲ್‌ನಲ್ಲಿ ಸಲೀಸಾಗಿ ಸಾಗಿತು. ಆದರೆ ಆಚೆ ತುದಿಯಲ್ಲಿ ಗಂಟು ಬಿಚ್ಚುವವರು ಬೇಕಾಯಿತು.

ಕನ್ಸೋಲ್ ತಯಾರಕರು ಗಂಟು ಕಟ್ಟುವುದನ್ನು ಬೇಗನೆ ಕಲಿತರು. 2000ದ ಪ್ಲೇಸ್ಟೇಷನ್ 2ರಲ್ಲಿ ಆಪ್ಟಿಕಲ್ ಕಿಂಡಿ ಇದ್ದರೂ, ಬಹುಪಾಲು ಆಟಗಳಲ್ಲಿ ಡಾಲ್ಬಿ ಡಿಜಿಟಲ್ ಕೇಳಿಸುತ್ತಿದ್ದುದು ನಡುನಡುವೆ ಬರುವ ಸಿದ್ಧ ದೃಶ್ಯಗಳಲ್ಲಿ ಮಾತ್ರ, ಏಕೆಂದರೆ ಅವುಗಳ ಸದ್ದನ್ನು ಮೊದಲೇ ಕುಗ್ಗಿಸಿ ಡಿಸ್ಕಿನಲ್ಲಿ ಇಟ್ಟಿರಬಹುದು. ಆಟಗಾರ ಯಾವ ಗಳಿಗೆಯಲ್ಲಿ ಯಾವ ಕಡೆ ತಿರುಗುತ್ತಾನೆಂಬುದು ಮೊದಲೇ ಗೊತ್ತಾಗುವ ಸಂಗತಿಯಲ್ಲ. ಆಟದ ಸದ್ದನ್ನು ಆಯಾ ಕ್ಷಣದಲ್ಲೇ ಕುಗ್ಗಿಸಬೇಕು. 2001ರ ಎಕ್ಸ್‌ಬಾಕ್ಸ್ ಅದನ್ನು ಮಾಡಿ ತೋರಿಸಿತು. ಅದರ ಸದ್ದಿನ ಚಿಪ್ ಎನ್‌ವಿಡಿಯಾದ್ದು. ಅದೇ ವಿನ್ಯಾಸ ಎನ್‌ಫೋರ್ಸ್ ಮದರ್‌ಬೋರ್ಡ್‌ಗಳ ಮೂಲಕ ಕಂಪ್ಯೂಟರ್‌ಗೂ ಬಂತು. ಅಂದರೆ ಕಂಪ್ಯೂಟರ್ ಕೂಡ ಡಾಲ್ಬಿ ಗಂಟು ಕಟ್ಟಿ ಹೊರಗೆ ಕಳಿಸುವುದನ್ನು ಆಗಲೇ ಕಲಿತಿತ್ತು. ಹೊರಗಿನಿಂದ ಬಂದ ಗಂಟನ್ನು ಬಿಚ್ಚುವುದು ತನ್ನ ಕೆಲಸವೆಂದು ಮಾತ್ರ ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಕನ್ಸೋಲ್‌ನ ಮುಂದೆ, ಗಂಟು ಬಿಚ್ಚಿ ಸ್ಪೀಕರ್‌ಗಳಿಗೆ ಹಂಚುವ ಒಂದು ರಿಸೀವರ್ ಪೆಟ್ಟಿಗೆ ಇದ್ದೇ ಇರುತ್ತದೆ ಎಂದು ಎರಡೂ ಕಡೆಯವರು ನಂಬಿದ್ದರು.

ಬಾಡಿಗೆ ಕೋಣೆಯಲ್ಲಿ ರಿಸೀವರ್ ಇರುವುದಿಲ್ಲ. ಅಲ್ಲಿರುವ 5.1 ಸ್ಪೀಕರ್ ಸೆಟ್ಟಿಗೆ ಮೂರು ಪಿನ್: ಮುಂದಿನ ಜೋಡಿಗೆ ಹಸಿರು, ಹಿಂದಿನದಕ್ಕೆ ಕಪ್ಪು, ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಕಿತ್ತಳೆ. ಅವು ಬೇಡುವುದು ಬಿಚ್ಚಿಟ್ಟ ಅನಲಾಗ್ ಸದ್ದನ್ನು. ಸೌಂಡ್ ಕಾರ್ಡಿನ ಆಪ್ಟಿಕಲ್ ಕಿಂಡಿಯಿಂದ ಒಳಬಂದದ್ದನ್ನು ವಿಂಡೋಸ್ ಸಾಮಾನ್ಯವಾಗಿ ಎರಡು ಚಾನೆಲ್‌ನ ನೇರ ಸದ್ದೆಂದೇ ತಿಳಿಯುತ್ತದೆ. ಹಿಂಡಿದ ಅಂಕಿಗಳನ್ನು ಅದು ಹಾಗೆಯೇ ಸ್ಪೀಕರ್‌ಗೆ ಕೊಟ್ಟಾಗ ನಮಗೆ ಕೇಳುವುದು ಆ ತಗಡಿನ ಮಳೆ.

ಅದನ್ನು ಬಿಚ್ಚುವ ತಂತ್ರಾಂಶಗಳಿಲ್ಲವೆಂದಲ್ಲ. ಎಫ್‌ಎಫ್‌ಎಂಪೆಗ್‌ನಂಥ ಉಚಿತ ತಂತ್ರಾಂಶಕ್ಕೆ ಒಳಬರುವ ಧಾರೆಯನ್ನು ಒಪ್ಪಿಸಿದರೆ ಅದು ಆರು ಚಾನೆಲ್ ಬೇರ್ಪಡಿಸಿ ಕೊಡುತ್ತದೆ. ಆದರೆ ಒಂದು ಬಿಟ್ ಕೂಡ ಬದಲಾಗುವಂತಿಲ್ಲ. ರೆಕಾರ್ಡಿಂಗ್ ವೇಗ 48 ಕಿಲೋಹರ್ಟ್ಜ್‌ನಿಂದ 44.1ಕ್ಕೆ ಇಳಿದಿದ್ದರೆ, ಅಥವಾ ವಾಲ್ಯೂಮ್ ನೂರರಿಂದ ತೊಂಬತ್ತೊಂಬತ್ತಕ್ಕೆ ಜಾರಿದ್ದರೆ, ಅಂಕಿಗಳೆಲ್ಲ ಬೇರೆಯಾಗಿ ಗಂಟು ಬಿಚ್ಚದಾಗುತ್ತದೆ. ಸಾದಾ ಸ್ಟೀರಿಯೊದಲ್ಲಿ ಯಾರ ಗಮನಕ್ಕೂ ಬಾರದ ವ್ಯತ್ಯಾಸವಿದು. ಇನ್ನೊಂದು ಕಷ್ಟ ವಿಳಂಬದ್ದು. ಡಾಲ್ಬಿ ಡಿಜಿಟಲ್‌ನ ಒಂದು ಕಂತಿನಲ್ಲಿ 1536 ಮಾದರಿಗಳು, ಅಂದರೆ 32 ಮಿಲಿಸೆಕೆಂಡಿನ ಸದ್ದು ಇರುತ್ತದೆ. ಕಟ್ಟುವಾಗ, ಬಿಚ್ಚುವಾಗ, ನಡುವೆ ಬಫರ್‌ನಲ್ಲಿ ಕಾಯುವಾಗ ತಡ ಸೇರುತ್ತಾ ಹೋಗಿ, ಬಂದೂಕಿನ ಕಿಡಿ ಕಂಡ ಮೇಲೆ ಢಂ ಎನ್ನುವುದು ಬಂದರೆ ಸಿನಿಮಾ ನೋಡುವವನು ಸಹಿಸಿಯಾನು, ಆಡುವವನಲ್ಲ.

ಚಿತ್ರ, ಸದ್ದು ಎರಡನ್ನೂ ಒಂದೇ ಕೇಬಲ್‌ನಲ್ಲಿ ಒಯ್ಯುವ ಎಚ್‌ಡಿಎಂಐ ಇದೆಲ್ಲವನ್ನೂ ಮುಗಿಸಬೇಕಿತ್ತು. 2002ರ ಕೊನೆಯಲ್ಲಿ ಬಂದ ಅದರ ಮೊದಲ ಆವೃತ್ತಿಯೇ ಎಂಟು ಚಾನೆಲ್‌ಗಳನ್ನು ಕುಗ್ಗಿಸದೆ ಒಯ್ಯಬಲ್ಲದಾಗಿತ್ತು, 2006ರ ಪ್ಲೇಸ್ಟೇಷನ್ 3 ಅದನ್ನು ಬಳಸಿಕೊಂಡಿತು ಕೂಡ. ಆದರೆ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಎಚ್‌ಡಿಎಂಐ ಕಿಂಡಿ ಕೊಡುವುದಕ್ಕೆ ಮಾತ್ರ, ಪಡೆಯುವುದಕ್ಕಲ್ಲ. ಪಡೆಯಲು ಹೊರಗಿನ ಚಿತ್ರ, ಸದ್ದನ್ನು ಕಂಪ್ಯೂಟರ್‌ಗೆ ಒಳತರುವ ಕ್ಯಾಪ್ಚರ್ ಕಾರ್ಡ್ ಬೇಕು, ಅಗ್ಗದ ಕಾರ್ಡ್‌ಗಳು ಎರಡು ಚಾನೆಲ್‌ಗೇ ನಿಲ್ಲುತ್ತವೆ. ಎಚ್‌ಡಿಎಂಐನಲ್ಲಿ ಕನ್ಸೋಲ್ ಮೊದಲು ಎದುರಿನ ಸಾಧನದ ಯೋಗ್ಯತೆ ಕೇಳಿ ತಿಳಿದುಕೊಳ್ಳುತ್ತದೆ. ‘ನನಗೆ ಸ್ಟೀರಿಯೊ ಸಾಕು’ ಎಂದು ಕಾರ್ಡ್ ಹೇಳಿದರೆ ಉಳಿದ ನಾಲ್ಕು ಚಾನೆಲ್‌ಗಳು ಕನ್ಸೋಲ್‌ನಿಂದ ಹೊರಡುವುದೇ ಇಲ್ಲ. ಇದರ ಮೇಲೆ ನಕಲು ತಡೆಯುವ ಎಚ್‌ಡಿಸಿಪಿ ಬೀಗ ಬೇರೆ. ಪ್ಲೇಸ್ಟೇಷನ್ 4ರಲ್ಲಿ ಅದನ್ನು ಸೆಟ್ಟಿಂಗ್ಸ್‌ನಿಂದ ತೆಗೆಯಬಹುದು, ಪ್ಲೇಸ್ಟೇಷನ್ 3ರಲ್ಲಿ ಆ ಅವಕಾಶವಿರಲಿಲ್ಲ.

ಈ ನಡುವೆ ಹಳೆಯ ದಾರಿಯೂ ಮುಚ್ಚಿತು. 2016ರ ಪ್ಲೇಸ್ಟೇಷನ್ 4 ಸ್ಲಿಮ್‌ನಲ್ಲಿ ಆಪ್ಟಿಕಲ್ ಕಿಂಡಿ ಇಲ್ಲ; 2020ರ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇಲ್ಲ. ಕಿವಿಗೆ ಸದ್ದು ಯಾವ ದಿಕ್ಕಿನಿಂದ ಹೇಗೆ ತಲುಪುತ್ತದೆಂದು ಲೆಕ್ಕ ಹಾಕಿ ಎರಡೇ ಚಾನೆಲ್‌ನಲ್ಲಿ ಸುತ್ತಲಿನ ಅನುಭವ ಕೊಡುವ ಹೆಡ್‌ಫೋನ್ ವಿಧಾನಕ್ಕೆ ಈಗ ಒತ್ತು ಹೆಚ್ಚು. ರಾತ್ರಿ ಹನ್ನೊಂದರ ನಂತರ ಬಾಗಿಲು ತಟ್ಟುವ ಮನೆ ಮಾಲೀಕರಿರುವ ಕಡೆ ಅದೇ ಲೇಸು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಗೋಡೆಗೆ ಮೊಳೆ ಹೊಡೆದವನು ಒಪ್ಪಬೇಕಲ್ಲ.

ಅವನು ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಂಗೈಯಗಲದ ಡಿಕೋಡರ್ ಪೆಟ್ಟಿಗೆಯೊಂದನ್ನು ತಂದ. ಒಂದು ಕಡೆ ಆಪ್ಟಿಕಲ್ ಕಿಂಡಿ, ಇನ್ನೊಂದು ಕಡೆ ಆರು ಚಾನೆಲ್‌ನ ಅನಲಾಗ್ ಜ್ಯಾಕ್‌ಗಳು. ತಗಡಿನ ಮಳೆ ನಿಂತು, ಬೆನ್ನ ಹಿಂದಿನಿಂದ ಹೆಜ್ಜೆ ಸಪ್ಪಳ ಬಂತು. ಈಗ ಆಡುವಾಗ ಹಸಿರು, ಕಪ್ಪು, ಕಿತ್ತಳೆ ಪಿನ್‌ಗಳನ್ನು ಕಂಪ್ಯೂಟರ್‌ನಿಂದ ಕಿತ್ತು ಆ ಪೆಟ್ಟಿಗೆಗೆ ಚುಚ್ಚುತ್ತಾನೆ, ಮುಗಿದ ಮೇಲೆ ಮತ್ತೆ ಕಂಪ್ಯೂಟರ್‌ಗೇ ಚುಚ್ಚುತ್ತಾನೆ.