ಗಿಟಾರ್ ಮೈಗೆ ಬಿರುಕಿನ ಬಣ್ಣ: ಕೊಡಗಿನ ಹವೆಯಲ್ಲಿ ಅಂಟಿನ ಹದ

ಎಲೆಕ್ಟ್ರಿಕ್ ಗಿಟಾರ್‌ಗೆ ಬಿರುಕಿನ ಬಣ್ಣ, ಅಂದರೆ ಮೇಲಿನ ಬಣ್ಣ ಬೇಕೆಂದೇ ಬಿರಿಸಿ ತಳದ ಬಣ್ಣ ಇಣುಕುವಂತೆ ಮಾಡುವ ಅಲಂಕಾರ, ಕೊಡಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ಪೇಂಟ್ ತರಬೇಕು ಎಂದು. ಕೊಡಗಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಯಾವ ತಿಂಗಳಲ್ಲಿ ಮಾಡಬೇಕು ಎಂದು. ಕಣದಲ್ಲಿ ಕಾಫಿ ಒಣಗುವ ದಿನಗಳೇ ಈ ಕೆಲಸಕ್ಕೂ ಸರಿಯಾದ ದಿನಗಳು: ಡಿಸೆಂಬರ್ ಕೊನೆಯಿಂದ, ಕಾಫಿ ಗಿಡವನ್ನು ಅರಳಿಸುವ ಹೂಮಳೆ ಬೀಳುವವರೆಗೆ. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕೈ ಹಾಕಿದರೆ ಎಷ್ಟೇ ಒಳ್ಳೆಯ ಪೇಂಟ್ ತಂದರೂ ಮಾತು ಕೇಳುವುದಿಲ್ಲ.

ಯಾಕೆಂದರೆ ಇಲ್ಲಿ ಬಿರುಕು ಹುಟ್ಟುವುದೇ ಒಣಗುವ ವೇಗದ ವ್ಯತ್ಯಾಸದಿಂದ. ತಳದ ಬಣ್ಣದ ಮೇಲೆ ಒಂದು ಪದರ ಅಂಟು, ಅದು ಪೂರ್ತಿ ಒಣಗುವ ಮುಂಚೆ ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಮೇಲಿನ ಬಣ್ಣ ಒಣಗುತ್ತಾ ಕುಗ್ಗುತ್ತದೆ. ಅಡಿಯಲ್ಲಿ ಗಟ್ಟಿ ಹಿಡಿತವಿದ್ದರೆ ಹಾಗೇ ಕೂರುತ್ತದೆ. ಅಂಟು ಇನ್ನೂ ಮೆತ್ತಗಿದ್ದರೆ ಜಾರಿ, ಅಲ್ಲಲ್ಲಿ ಹರಿದು, ತಳದ ಬಣ್ಣ ಇಣುಕುತ್ತದೆ. ಕೊಯ್ಲು ಮುಗಿದ ಗದ್ದೆ ಬೇಸಿಗೆಯಲ್ಲಿ ಬಿರಿಯುವುದೂ ಹೀಗೆಯೇ. 1980ರ ದಶಕದಲ್ಲಿ ಅಮೆರಿಕದ ರಾಕ್ ಗಿಟಾರ್‌ಗಳ ಮೇಲೆ ಮೆರೆದ ಬಿರುಕಿನ ದಾರಿ ಬೇರೆ: ಅಲ್ಲಿ ಅಂಟಿಲ್ಲ, ಬಿರಿಯಲೆಂದೇ ಪಿಗ್ಮೆಂಟ್ (ಬಣ್ಣದ ಪುಡಿ) ಹೆಚ್ಚಿಸಿ, ಅದನ್ನು ಹಿಡಿದಿಡುವ ರಾಳ ಕಡಿಮೆ ಮಾಡಿದ ಲ್ಯಾಕರ್ ಸ್ಪ್ರೇ. ಅಂಥದ್ದು ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಫೆವಿಕಾಲ್ ಎಲ್ಲಿಯೂ ಸಿಗುತ್ತದೆ.

ಇದು ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್‌ಗೆ ಮಾತ್ರ ಹೇಳುವ ಮಾತು. ಅಕೌಸ್ಟಿಕ್ ಗಿಟಾರ್‌ನ ಮುಂಭಾಗದ ಹಲಗೆ ಕಂಪಿಸಿದರೇ ನಾದ. ಅದರ ಮೇಲೆ ಅಂಟು, ಬಣ್ಣ, ವಾರ್ನಿಷ್ ಎಂದು ಪದರದ ಮೇಲೆ ಪದರ ಹೇರಿದರೆ ದನಿ ಕುಗ್ಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ತಂತಿ, ನೆಕ್, ಬ್ರಿಡ್ಜ್, ಪಿಕಪ್, ಜಾಕ್ ಎಲ್ಲ ಬಿಚ್ಚಿ. ವೈರ್ ಬಿಡಿಸುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೆಕ್ ಕೂರುವ ಗುಂಡಿಗೆ ಮಾಸ್ಕಿಂಗ್ ಟೇಪ್ ಕಡ್ಡಾಯ, ಒಳಗೆ ಬಣ್ಣ ಕೂತರೆ ಆಮೇಲೆ ನೆಕ್ ಇಳಿಯುವುದಿಲ್ಲ. ಒತ್ತಿ ಕೂರಿಸಿದರೆ ಅಂಚಿನ ಬಣ್ಣ ಚಕ್ಕೆಯೆದ್ದು ಬರುತ್ತದೆ. ಹಳೆಯ ಫಿನಿಶ್ ಗಟ್ಟಿಯಾಗಿದ್ದರೆ ಕೆರೆದು ತೆಗೆಯುವ ಅಗತ್ಯವಿಲ್ಲ, 320 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಉಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ಜಿಡ್ಡು ಒರೆಸಿ. ಗಿಟಾರ್ ಪಾಲಿಶ್‌ನ ಸಿಲಿಕಾನ್ ಉಳಿದಿದ್ದರೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಏಳುತ್ತವೆ. ಬರೀ ಮರವಾದರೆ 180, 240, 320 ಎಂದು ಹಂತಹಂತವಾಗಿ ಉಜ್ಜಿ, ಗ್ರೇನ್ (ಮರದ ಎಳೆಗಳ ಸಣ್ಣ ರಂಧ್ರ) ತುಂಬಿಸಿ, ಎರಡು ಮೂರು ಕೋಟ್ ಸರ್ಫೇಸರ್ (ಮೈ ಸಮ ಮಾಡುವ ತಳಲೇಪ) ಹೊಡೆದು, 400ರ ವಾಟರ್ ಪೇಪರ್‌ನಲ್ಲಿ ನಯ ಮಾಡಿ.

ತಳದ ಬಣ್ಣವೇ ಬಿರುಕಿನೊಳಗೆ ಕಾಣುವ ಬಣ್ಣ. ಕಪ್ಪಿನ ಮೇಲೆ ಕೆಂಪು, ಬೆಳ್ಳಿಯ ಮೇಲೆ ಕಪ್ಪು, ಹೀಗೆ ಎದುರುಬದುರು ಬಣ್ಣ ಆರಿಸಿ. ಹತ್ತಿರದ ಬಣ್ಣಗಳಾದರೆ ಎರಡು ಮಾರು ದೂರದಿಂದ ಬಿರುಕು ಕಾಣುವುದೇ ಇಲ್ಲ. ಈ ಪದರ ನೀರು ಕುಡಿಯಬಾರದು. ಕುಡಿದರೆ ಅಂಟಿನ ನೀರು ಕೆಳಗಿಳಿದು, ಅಂಟು ಬೇಗ ಬಿಗಿದು, ಬಿರುಕು ಬರುವುದಿಲ್ಲ. ಅದಕ್ಕೇ ಡ್ಯೂಕೋ (ವಾಹನಗಳಿಗೆ ಹೊಡೆಯುವಂಥ ಲ್ಯಾಕರ್ ಬಣ್ಣ) ಅಥವಾ ಎನಾಮೆಲ್ ಒಳ್ಳೆಯದು. ಎರಡು ದಿನ ಒಣಗಲು ಬಿಟ್ಟು, 600ರಲ್ಲಿ ಹಗುರವಾಗಿ ಉಜ್ಜಿ. ಹೊಳಪು ಹಾಗೇ ಉಳಿದರೆ ಅಂಟು ಹರಡದೆ ಹನಿಹನಿಯಾಗಿ ಸರಿದುಕೊಳ್ಳುತ್ತದೆ.

ಈಗ ಇಡೀ ಕೆಲಸದ ಜೀವಾಳ. ಮೂರು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಕಲಸಿ. ಗಿಟಾರ್‌ನ ಒಂದು ಮಗ್ಗುಲಿಗೆ 20ರಿಂದ 25 ಮಿಲಿ ಸಾಕಾಗುತ್ತದೆ. ಮೆತ್ತನೆಯ ಅಗಲ ಬ್ರಷ್‌ನಲ್ಲಿ ಒಂದೇ ಸಮನೆ ಎಳೆಯಿರಿ. ಅಂಟು ದಪ್ಪವಿದ್ದಲ್ಲಿ ಬಿರುಕು ಅಗಲ, ತೆಳುವಿದ್ದಲ್ಲಿ ಸಣ್ಣ. ಅಂಚಿನಲ್ಲಿ ಅಂಟು ಇಳಿದು ಗೂಡುಗಟ್ಟಿದರೆ ಅಲ್ಲಿ ಬಣ್ಣ ಜಾರಿ ಬೋಳಾಗುತ್ತದೆ. ಆದ್ದರಿಂದ ಗಿಟಾರ್ ಮಲಗಿಸಿಯೇ ಕೆಲಸ ಮಾಡಿ: ಮೊದಲು ಹಿಂಭಾಗ, ಅದು ಒಣಗಿದ ಮೇಲೆ ಸುತ್ತಲಂಚು, ಕೊನೆಗೆ ಮುಂಭಾಗ. ಅಷ್ಟರಲ್ಲಿ ಕೈ ಪಳಗಿರುತ್ತದೆ.

ಅಂಟಿನ ಹದಕ್ಕೆ ಗಡಿಯಾರ ನೋಡಬೇಡಿ. ಕುಶಾಲನಗರದ ಒಣ ಮಧ್ಯಾಹ್ನದಲ್ಲಿ ಇಪ್ಪತ್ತು ನಿಮಿಷಕ್ಕೆ ಬರುವ ಹದ ಮಡಿಕೇರಿಯಲ್ಲಿ ಮಂಜು ಸರಿದ ಬೆಳಿಗ್ಗೆ ಮುಕ್ಕಾಲು ಗಂಟೆಯಾದರೂ ಬರದಿರಬಹುದು. ಬೆರಳ ತುದಿಯಿಂದ ಒತ್ತಿ ನೋಡಿ. ಬೆರಳಿಗೆ ಅಂಟು ಹತ್ತಿ ಬಂದರೆ ಇನ್ನೂ ಹಸಿ, ಈಗ ಬಣ್ಣ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಬೆರಳು ಹಿಡಿದಂತಾಗಬೇಕು, ಆದರೆ ಏನೂ ಅಂಟಿಕೊಂಡು ಬರಬಾರದು, ಬೆಳ್ಳಗಿದ್ದ ಅಂಟು ಬಹುಪಾಲು ತಿಳಿಯಾಗಿರಬೇಕು. ಬೆರಳು ಸಲೀಸಾಗಿ ಜಾರಿದರೆ ಹೊತ್ತು ಮೀರಿದೆ. ಇನ್ನೊಂದು ತೆಳು ಕೋಟ್ ಅಂಟು ಹಾಕಿ ಮತ್ತೆ ಕಾಯಿರಿ. ಗಾಳಿಯ ತೇವಾಂಶ ಅಳೆಯುವ ಸಣ್ಣದೊಂದು ಮೀಟರ್ ಇಟ್ಟುಕೊಂಡು, 70 ಶೇಕಡ ದಾಟಿದ ದಿನ ಕೆಲಸ ಮುಂದೂಡುವುದು ಉತ್ತಮ.

ಮೇಲಿನ ಬಣ್ಣಕ್ಕೆ ಹೊಳಪಿಲ್ಲದ ಅಕ್ರಿಲಿಕ್ ಅಥವಾ ಒಳಗೋಡೆಯ ಮ್ಯಾಟ್ ಎಮಲ್ಷನ್ ಸರಿ. ನಮ್ಮಲ್ಲಿ ಅನೇಕರು ಎಡವುವುದು ಇಲ್ಲೇ. ಮನೆಯಲ್ಲಿ ಉಳಿದಿರುವುದು ಸಾಮಾನ್ಯವಾಗಿ ಮಳೆ ತಡೆಯುವ ಹೊರಗೋಡೆಯ ಪೇಂಟ್. ಗೋಡೆ ಬಿರಿದರೂ ತಾನು ಹಿಗ್ಗಿ ಹರಿಯದೆ ಉಳಿಯಲೆಂದೇ ಅದನ್ನು ರಬ್ಬರಿನಂತೆ ತಯಾರಿಸಿರುತ್ತಾರೆ. ಅದರಲ್ಲಿ ಬಿರುಕು ಹುಡುಕಿದರೆ ಎಲ್ಲಿಂದ ಬರಬೇಕು?

ಬಣ್ಣವನ್ನು ಬ್ರಷ್ ತುಂಬ ತೆಗೆದುಕೊಂಡು ಒಂದೇ ಎಳೆತದಲ್ಲಿ ಹಚ್ಚಿ, ಹಚ್ಚಿದ ಜಾಗಕ್ಕೆ ಮತ್ತೆ ಬ್ರಷ್ ತರಬೇಡಿ. ಎರಡನೇ ಎಳೆತ ಅಂಟನ್ನು ಎಬ್ಬಿಸಿ ಮುದ್ದೆ ಮಾಡುತ್ತದೆ. ಬಿರುಕು ಬ್ರಷ್ ಎಳೆದ ದಿಕ್ಕಿನಲ್ಲೇ ಸಾಗುತ್ತದೆ. ಬಲೆಯಂಥ ಬಿರುಕು ಬೇಕಿದ್ದರೆ ಸ್ಪಂಜ್‌ನಿಂದ ಒತ್ತಿ ಒತ್ತಿ ಹಚ್ಚಬೇಕು. ಬಣ್ಣ ದಪ್ಪಗಿದ್ದರೆ ದೊಡ್ಡ ಬಿರುಕು ಕೆಲವೇ, ತೆಳ್ಳಗಿದ್ದರೆ ನವುರಾದವು ಹಲವು. ಕೆಲವು ನಿಮಿಷದಲ್ಲೇ ಕೂದಲೆಳೆಯಷ್ಟು ಗೆರೆಗಳು ಕಾಣಿಸಿಕೊಂಡು, ನೋಡನೋಡುತ್ತಾ ಬಾಯಿ ತೆರೆಯುತ್ತವೆ. ನೋಡಲು ಬಹಳ ಚೆಂದ, ಆದರೆ ಕೈ ದೂರವಿರಲಿ. ಹೇರ್ ಡ್ರೈಯರ್ ಹಿಡಿಯುವುದಾದರೆ ಒಂದಡಿ ದೂರದಿಂದ, ಆಡಿಸುತ್ತಾ ಹಿಡಿಯಿರಿ. ಇದನ್ನೆಲ್ಲ ಗಿಟಾರ್‌ಗೆ ಮೊದಲು ಒಂದು ಹಲಗೆಯ ಮೇಲೆ, ಅದೇ ತಳದ ಬಣ್ಣ, ಅದೇ ಅಂಟು, ಅದೇ ಬಣ್ಣದಲ್ಲಿ ಮಾಡಿ ನೋಡಿ. ತೋಟದ ಸಿಲ್ವರ್ ಓಕ್ ತುಂಡು ಸಿಕ್ಕರೂ ಸಾಕು, ಸರ್ಫೇಸರ್ ಹಾಕುವುದು ಮಾತ್ರ ಮರೆಯಬಾರದು.

ಒಂದು ವಾರ ಬಿಟ್ಟು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಿರಿ. ನೀರಿನ ವಾರ್ನಿಷ್ ಬೇಡವೇ ಬೇಡ, ಅಂಟು ಮತ್ತೆ ಎಚ್ಚೆತ್ತು ಬಣ್ಣ ಕದಲುತ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಕ್ಲಿಯರ್ ಅಥವಾ ಟೂ-ಕೆ ಪಿಯು (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಆಗಲಿ. ಮೊದಲ ಎರಡು ಕೋಟ್ ತುಂತುರಿನಷ್ಟು ತೆಳುವಾಗಿರಲಿ, ಒಮ್ಮೆಗೇ ಒದ್ದೆಯಾಗಿ ಹೊಡೆದರೆ ಥಿನ್ನರ್ ಬಣ್ಣವನ್ನು ಕಚ್ಚುತ್ತದೆ. ತೇವದ ಗಾಳಿಯಲ್ಲಿ ಎನ್‌ಸಿ ಹೊಡೆದರೆ, ಥಿನ್ನರ್ ಆರುವಾಗ ಮೈ ತಣ್ಣಗಾಗಿ, ನೀರಾವಿ ಕೂತು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬೆಳಿಗ್ಗೆ ಹತ್ತರಿಂದ ಮೂರರ ಒಳಗೆ ಮುಗಿಸಿ. ಬೆಳ್ಳಗಾದರೆ, ಆರುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿದ ಥಿನ್ನರ್‌ನ ಹಗುರ ಕೋಟ್ ಅದನ್ನು ತಿಳಿ ಮಾಡಬಹುದು. ಬಿರುಕಿನ ಹಳ್ಳ ತುಂಬಿ ಮೈ ಸಮವಾಗಲು ಆರರಿಂದ ಎಂಟು ಕೋಟ್ ಬೇಕು. ನಡುನಡುವೆ 600ರಲ್ಲಿ ಉಜ್ಜುವಾಗ ಮೇಲಿನ ಬಣ್ಣದವರೆಗೆ ಇಳಿಯಬೇಡಿ. ಕೊನೆಗೆ 1000, 1500, 2000, ಆಮೇಲೆ ರಬ್ಬಿಂಗ್ ಕಾಂಪೌಂಡ್.

ಟೂ-ಕೆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ನಿಜವಾದ ಅಪಾಯ. ಬಟ್ಟೆಯ ಮಾಸ್ಕ್ ಏನನ್ನೂ ತಡೆಯುವುದಿಲ್ಲ. ಕಾರಿಗೆ ಬಣ್ಣ ಹೊಡೆಯುವ ಬೂತ್ ಇರುವವರಿಗೆ ಈ ಹಂತ ಒಪ್ಪಿಸುವುದೇ ಜಾಣತನ. ಎನ್‌ಸಿ ಆದರೂ ಒಲೆಯ ಹತ್ತಿರ ಬೇಡ, ಆವಿಗೆ ಬೆಂಕಿ ತಾಗಿದರೆ ಅನಾಹುತ.

ಜೋಡಿಸುವ ಮುಂಚೆ ಸ್ಕ್ರೂ ತೂತುಗಳ ಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಕೈಯಲ್ಲೇ ತುಸು ಅಗಲಿಸಿ, ಇಲ್ಲವಾದರೆ ಸ್ಕ್ರೂ ತಿರುಗುವಾಗ ಕ್ಲಿಯರ್ ಚಕ್ಕೆ ಏಳುತ್ತದೆ. ಅಗಲಿಸಿದ ಆ ಬಾಯಿಗೂ, ಪಿಕಪ್ ಗುಂಡಿಗಳ ಅಂಚಿಗೂ ಸಣ್ಣ ಬ್ರಷ್‌ನಲ್ಲಿ ಕ್ಲಿಯರ್ ಹಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವ ಒಳನುಗ್ಗುವುದು ಇಂಥ ಬಿಚ್ಚಿದ ಅಂಚುಗಳಿಂದಲೇ. ಅಲ್ಲಿ ಅಂಟು ಮೆತ್ತಗಾದರೆ ಬಣ್ಣ ಎದ್ದುಬರುತ್ತದೆ.