ಹತ್ತಿ ಉಂಡೆ: ನೀರು ಕುಡಿಯುವ ಹತ್ತಿ, ಕುಡಿಯದ ಹತ್ತಿ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಎರಡು ಲೋಟ ನೀರು ಇಟ್ಟುಕೊಳ್ಳಿ. ಒಂದಕ್ಕೆ ಹೊಲದಿಂದ ಬಿಡಿಸಿ ತಂದು ಬೀಜ ತೆಗೆದ ಹತ್ತಿಯ ಉಂಡೆ ಹಾಕಿ, ಇನ್ನೊಂದಕ್ಕೆ ಮೆಡಿಕಲ್ ಶಾಪಿನ ಹತ್ತಿಯದು. ಮೊದಲನೆಯದು ತೇಲುತ್ತಲೇ ಇರುತ್ತದೆ. ಎರಡನೆಯದು ನೀರು ಕುಡಿದು ಮುಳುಗುತ್ತದೆ. ಔಷಧಿ ಹತ್ತಿಯ ಗುಣಮಟ್ಟ ನೋಡುವುದೂ ಹೀಗೆಯೇ, 10 ಸೆಕೆಂಡಿನೊಳಗೆ ಅದು ಮುಳುಗಬೇಕು. ಎರಡೂ ಹತ್ತಿಯೇ ಅಲ್ವಾ, ಮತ್ತೆ ಯಾಕೆ ಹೀಗೆ? ಇದೊಂದು ಅರ್ಥವಾದರೆ ಉಪಯೋಗಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ.

ಹತ್ತಿಯ ಎಳೆಯಲ್ಲಿ ಬಹುಪಾಲು ಸೆಲ್ಯುಲೋಸ್, ಅಂದರೆ ಗಿಡಗಳ ನಾರಿನಲ್ಲಿರುವ ವಸ್ತು. ಅದು ನೀರನ್ನು ಚೆನ್ನಾಗಿ ಹೀರುತ್ತದೆ. ಆದರೆ ಎಳೆಯ ಮೇಲೆ ತೆಳುವಾದ ಮೇಣ ಇರುತ್ತದೆ, ಹಾಗಾಗಿ ಕೆಸುವಿನ ಎಲೆಯ ಮೇಲಿನ ಹನಿಯಂತೆ ನೀರು ಜಾರಿಹೋಗುತ್ತದೆ. ಕಾರ್ಖಾನೆಯಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಿ ಮೇಣ ತೆಗೆದು, ಹೈಡ್ರೋಜನ್ ಪೆರಾಕ್ಸೈಡಿನಿಂದ ಬಿಳಿ ಮಾಡಿ, ತೊಳೆದು, ಒಣಗಿಸಿ, ಹಿಂಜುತ್ತಾರೆ. ನಮ್ಮ ಹತ್ತಿ ಉಂಡೆ ಬರುವುದು ಇದರಿಂದ.

ಪದದ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ಕಾಟನ್ ಬೋಲ್’ ಗಿಡದ ಮೇಲಿನ ಹತ್ತಿಕಾಯಿ, ‘ಕಾಟನ್ ಬಾಲ್’ ಈ ಉಂಡೆ. ಕಾಯಿಕೊರಕ ಹುಳುವಿಗೆ ಬೋಲ್‌ವರ್ಮ್ ಅನ್ನುವುದು ನೆನಪಿದ್ದರೆ ಗೊಂದಲ ಆಗುವುದಿಲ್ಲ.

ಈಗ ದೀಪಕ್ಕೆ ಬನ್ನಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ನಮ್ಮಜ್ಜಿ ಹೂಬತ್ತಿ ಮಾಡುವಾಗ ಹೊಲದ ಹತ್ತಿಯನ್ನೇ ಕೈಯಲ್ಲಿ ಬಿಡಿಸಿ, ಪುಟ್ಟ ಉಂಡೆ ಮಾಡಿ, ಬೆರಳಿಗೆ ಸ್ವಲ್ಪ ವಿಭೂತಿ ಹಚ್ಚಿಕೊಂಡು ತುದಿಯನ್ನು ಹೊಸೆಯುತ್ತಿದ್ದರು. ನೀರು ಕುಡಿಯದ ಹತ್ತಿ ಎಣ್ಣೆ ಹೇಗೆ ಕುಡಿಯುತ್ತದೆ? ಮೇಣಕ್ಕೂ ಎಣ್ಣೆಗೂ ಚೆನ್ನಾಗಿ ಹೊಂದುತ್ತದೆ. ಎಳೆಗಳ ನಡುವಿನ ಸಂದಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆ. ಗೆಜ್ಜೆವಸ್ತ್ರಕ್ಕೂ ಇದೇ ಹತ್ತಿ ಸಾಕು, ಅಲ್ಲಿ ಹೀರುವ ಕೆಲಸವೇ ಇಲ್ಲ.

ಗಾಯದ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಇಂಜೆಕ್ಷನ್ನಿಗೆ ಮುಂಚೆ ಸ್ಪಿರಿಟ್ ಒರೆಸಲು, ಗಾಯದ ಸುತ್ತಲಿನ ಚರ್ಮ ಶುಚಿ ಮಾಡಲು ಹತ್ತಿ ಉಂಡೆ ಸರಿ. ಆದರೆ ತೆರೆದ ಗಾಯದ ಮೇಲೆ ನೇರವಾಗಿ ಇಟ್ಟು ಕಟ್ಟಬೇಡಿ. ಎಳೆಗಳು ರಕ್ತದ ಜೊತೆ ಒಣಗಿ ಅಂಟಿಕೊಳ್ಳುತ್ತವೆ, ಬಿಚ್ಚುವಾಗ ಹೆಪ್ಪುಗಟ್ಟಿದ್ದೂ ಕಿತ್ತು ಬಂದು ಮತ್ತೆ ರಕ್ತ ಸುರಿಯುತ್ತದೆ. ಅದಕ್ಕೇ ಮೊದಲು ಗಾಜ್ (gauze) ಅನ್ನುವ ತೆಳು ಜಾಳು ಬಟ್ಟೆ, ಬೇಕಾದರೆ ಅದರ ಮೇಲೆ ಹತ್ತಿ. ಇನ್ನೊಂದು, ಬಿಳಿಯಾಗಿರುವ ಹತ್ತಿಯೆಲ್ಲ ಸ್ಟೆರೈಲ್ (ರೋಗಾಣು ಇಲ್ಲದ್ದು) ಅಲ್ಲ, ಪೊಟ್ಟಣದ ಮೇಲೆ ಬರೆದಿದೆಯಾ ನೋಡಿ.

ಮೇಕಪ್ ತೆಗೆಯಲು, ಉಗುರು ಬಣ್ಣ ಒರೆಸಲು ಬಳಸುವುದು ಎಲ್ಲರಿಗೂ ಗೊತ್ತು. ಕೆಲವು ಉಂಡೆಗಳು ಪಾಲಿಯೆಸ್ಟರಿನವು, ಅವು ಹತ್ತಿಯಷ್ಟು ಹೀರುವುದಿಲ್ಲ. ಅನುಮಾನ ಬಂದರೆ ಒಂದೆರಡು ಎಳೆ ಸುಟ್ಟು ನೋಡಿ: ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಶಾಲೆಯಲ್ಲಿ ಹೆಸರುಕಾಳು ಮೊಳಕೆ ಬರಿಸಿದ್ದು ನೆನಪಿದೆಯಾ? ಒದ್ದೆ ಹತ್ತಿ ನೀರು ಹಿಡಿದಿಡುತ್ತದೆ, ಎಳೆಗಳ ನಡುವೆ ಗಾಳಿಯೂ ಇರುತ್ತದೆ. ಮೊದಲ ಕೆಲವು ದಿನಕ್ಕೆ ಬೇಕಾದ ಆಹಾರ ಕಾಳಿನಲ್ಲೇ ಇರುವುದರಿಂದ ಮಣ್ಣು ಬೇಕಾಗುವುದಿಲ್ಲ. ಆಮೇಲೆ ಸಸಿಯನ್ನು ಮಣ್ಣಿಗೆ ಹಾಕುವಾಗ ಹತ್ತಿ ಕಿತ್ತು ತೆಗೆಯಲು ಹೋಗಬೇಡಿ, ಬೇರು ಅದರೊಳಗೆ ಹೆಣೆದುಕೊಂಡಿರುತ್ತದೆ, ಹತ್ತಿ ಸಮೇತ ನೆಟ್ಟುಬಿಡಿ.