ಹಾಫ್ ಕ್ಲಚ್ಚಿನ ಲೆಕ್ಕ

ಸ್ಪೋರ್ಟ್ಸ್ ಕಾರಿನ ಕ್ಲಚ್ ಸವೆಯುವುದು ನಂದಿಬೆಟ್ಟದ ರಸ್ತೆಗಿಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಜಾಸ್ತಿ. ದೇವನಹಳ್ಳಿ ಕಡೆ ಎಂಬತ್ತರಲ್ಲಿ ಹೋಗುತ್ತಿರುವಾಗ ಕ್ಲಚ್ಚಿಗೆ ಕೆಲಸವೇ ಇಲ್ಲ. ಎಂಜಿನ್ನೂ ಗೇರ್ ಬಾಕ್ಸೂ ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ, ಉಜ್ಜಾಟದ ಮಾತೇ ಬರುವುದಿಲ್ಲ. ನಾಲ್ಕಡಿ ಮುಂದೆ, ಬ್ರೇಕು, ಮತ್ತೆ ನಾಲ್ಕಡಿ ಮುಂದೆ ಅಂತ ಶುರುವಾದಾಗ ಅದರ ಕಷ್ಟ ಶುರು.

ಒಳಗಿರುವ ಮುಖ್ಯ ಸಾಮಾನು ಮೂರೇ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೆ ಬೋಲ್ಟ್ ಮಾಡಿದ ಭಾರದ ಕಬ್ಬಿಣದ ಚಕ್ರ, ಅದು ಫ್ಲೈವೀಲ್. ಅದರ ಮೇಲೆ ಕೂರುವ ಪ್ರೆಶರ್ ಪ್ಲೇಟ್. ಇವೆರಡರ ನಡುವೆ ಸಿಕ್ಕಿಕೊಂಡಿರುವ ಕ್ಲಚ್ ಪ್ಲೇಟ್, ಅದರ ಕೊಂಡಿ ಗೇರ್ ಬಾಕ್ಸಿನ ಕಡೆಗೆ. ಪೆಡಲ್ ಬಿಟ್ಟರೆ ಸ್ಪ್ರಿಂಗ್ ಒತ್ತಿ ಮೂರನ್ನೂ ಒಂದು ಮಾಡುತ್ತದೆ. ಪೂರ್ತಿ ಒತ್ತಿದರೆ ಬೇರೆ ಬೇರೆ. ಅರ್ಧ ಒತ್ತಿದರೆ ಒಂದಕ್ಕೊಂದು ಉಜ್ಜಾಡುತ್ತಾ ತಿರುಗುತ್ತವೆ, ಅದೇ ನಮ್ಮ ಹಾಫ್ ಕ್ಲಚ್.

ಈಗ ಸ್ವಲ್ಪ ಲೆಕ್ಕ. ನಿಂತ ಕಾರು ಹೊರಡುವಾಗ ಎಂಜಿನ್ 1,500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1,500 ಸುತ್ತು, ತಿರುಗುತ್ತಿದೆ ಅಂದುಕೊಳ್ಳಿ. ಗೇರ್ ಬಾಕ್ಸಿನ ಕಡೆಯದು ಸೊನ್ನೆಯಿಂದ ಶುರುವಾಗಿ ನಿಧಾನಕ್ಕೆ ಅದೇ ವೇಗಕ್ಕೆ ಬರಬೇಕು. ಕ್ಲಚ್ಚಿನ ಎರಡೂ ಕಡೆ ತಿರುಗಿಸುವ ಬಲ ಒಂದೇ, ವೇಗ ಮಾತ್ರ ಬೇರೆ. ಒಂದು ಕಡೆ ಪೂರ್ತಿ ವೇಗ, ಇನ್ನೊಂದು ಕಡೆ ಸರಾಸರಿ ಅದರ ಅರ್ಧ. ಅಂದರೆ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಅರ್ಧ ಕಾರಿಗೆ, ಉಳಿದರ್ಧ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಎಂಜಿನ್ ವೇಗ ಅಷ್ಟೇ ಇದ್ದರೆ, ಸಮತಟ್ಟು ರಸ್ತೆಯಲ್ಲಿ ನೀವು ಪೆಡಲನ್ನು ಎಷ್ಟೇ ನಯವಾಗಿ ಬಿಟ್ಟರೂ ಈ ಅರ್ಧ ತಪ್ಪುವುದಿಲ್ಲ. ಡ್ರೈವಿಂಗ್ ಕೈಚಳಕದ ಬಗ್ಗೆ ಹೆಮ್ಮೆಪಡುವವರಿಗೆ ಇದು ಸ್ವಲ್ಪ ಬೇಜಾರಿನ ವಿಷಯವೇ.

ಮಜ್ದಾ ಎಂಎಕ್ಸ್-5ರಂಥ ಎರಡು ಸೀಟಿನ ಪುಟ್ಟ ಕಾರನ್ನು ತೆಗೆದುಕೊಳ್ಳೋಣ. 1989ರಲ್ಲಿ ಬಂದ ಅದರ ಮೊದಲ ಮಾದರಿಯ ತೂಕ ಸುಮಾರು 1,000 ಕೆಜಿ. ಫಸ್ಟ್ ಗೇರಿನಲ್ಲಿ 1,500 ಆರ್‌ಪಿಎಂ ಅಂದರೆ ಗಂಟೆಗೆ 12 ಕಿಲೋಮೀಟರ್. ಆ ವೇಗದಲ್ಲಿ ಕಾರಿನ ಚಲನಶಕ್ತಿ ಸುಮಾರು 5,500 ಜೂಲ್. ಕ್ಲಚ್ಚಿಗೆ ಬೀಳುವ ಶಾಖವೂ ಅಷ್ಟೇ. 8 ಕೆಜಿ ಫ್ಲೈವೀಲ್ ಒಂದೇ ಅದನ್ನೆಲ್ಲ ನುಂಗಿತು ಅಂದರೂ ಒಂದೂವರೆ ಡಿಗ್ರಿ ಬಿಸಿಯಾಗುತ್ತದೆ. ದೊಡ್ಡದೇನಲ್ಲ. ಆದರೆ ಎಂಜಿನ್ನನ್ನು 3,000ಕ್ಕೆ ಏರಿಸಿ ಕ್ಲಚ್ ಬಿಟ್ಟರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಇದಕ್ಕಿಂತ ಕೆಟ್ಟದ್ದು ಫ್ಲೈಓವರ್ ಏರಿನಲ್ಲಿ ಬ್ರೇಕ್ ಹಿಡಿಯದೆ, ಕಾರನ್ನು ಹಾಫ್ ಕ್ಲಚ್ಚಿನಲ್ಲೇ ನಿಲ್ಲಿಸಿಕೊಳ್ಳುವ ಅಭ್ಯಾಸ. ನೂರು ಅಡಿಗೆ ಐದು ಅಡಿ ಏರುವ ರಸ್ತೆಯಲ್ಲಿ ಇದೇ ಕಾರನ್ನು 1,500 ಆರ್‌ಪಿಎಂನಲ್ಲಿ ಹೀಗೆ ಹಿಡಿದರೆ ಕ್ಲಚ್ಚಿನಲ್ಲಿ ಒಂದೂವರೆ ಕಿಲೋವ್ಯಾಟ್‌ಗಿಂತ ಜಾಸ್ತಿ ಶಾಖ ಹುಟ್ಟುತ್ತದೆ. ಹೆಚ್ಚುಕಮ್ಮಿ ಬಚ್ಚಲುಮನೆಯ ಗೀಸರ್‌ನಷ್ಟು. ಗೀಸರ್‌ನಲ್ಲಾದರೋ ಸುತ್ತ ನೀರಿರುತ್ತದೆ. ಇಲ್ಲಿ ಮುಚ್ಚಿದ ಡಬ್ಬಿಯೊಳಗಿನ ಒಣ ಗಾಳಿ ಅಷ್ಟೇ.

ಇದರ ಗುರುತು ಫ್ಲೈವೀಲ್ ಮುಖದ ಮೇಲೆ ಉಳಿಯುತ್ತದೆ. ಬಸವನಗುಡಿಯ ಗೆಳೆಯನ ಮನೆ ಪೋರ್ಟಿಕೋದಲ್ಲಿ ಗೇರ್ ಬಾಕ್ಸ್ ಇಳಿಸಿ, ಹಳೆ ಕ್ಲಚ್ ಬಿಚ್ಚಿದಾಗ ಕಂಡದ್ದು ಇದೇ. ಬೆಳ್ಳಗೆ ಹೊಳೆಯಬೇಕಾದ ಮುಖದ ಮೇಲೆ ಸುತ್ತಲೂ ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ನೀಲಿ ಮಚ್ಚೆಗಳು. ಬೆರಳಿನಿಂದ ಸವರಿದರೆ ಏನೂ ಗೊತ್ತಾಗುವುದಿಲ್ಲ, ಉಗುರು ಆಡಿಸಿದರೆ ಕೂದಲೆಳೆಯಂಥ ಬಿರುಕುಗಳು ತಡೆಯುತ್ತವೆ. ಸುಮಾರು 300 ಡಿಗ್ರಿ ಮುಟ್ಟಿದ ಲೋಹದ ಮೇಲೆ ತೆಳು ಆಕ್ಸೈಡ್ ಪದರ ಕಟ್ಟಿಕೊಂಡು, ಬೆಳಕು ಅದರಲ್ಲಿ ಆಟವಾಡಿ ಆ ನೀಲಿ ಕಾಣಿಸುತ್ತದೆ.

ಮಚ್ಚೆಗಳು ಇಷ್ಟು ಲೆಕ್ಕವಾಗಿ ಏಕೆ ಬೀಳುತ್ತವೆ? ಎಲ್ಲೋ ಒಂದು ಜಾಗ ಚೂರು ಜಾಸ್ತಿ ಬಿಸಿಯಾಗುತ್ತದೆ. ಬಿಸಿಯಾದದ್ದು ಉಬ್ಬುತ್ತದೆ. ಉಬ್ಬಿದ ಕಡೆ ಒತ್ತಡ ಹೆಚ್ಚು, ಒತ್ತಡ ಹೆಚ್ಚಾದಷ್ಟೂ ಶಾಖ ಹೆಚ್ಚು, ಇನ್ನಷ್ಟು ಉಬ್ಬು. ಉಜ್ಜಾಡುವ ಮೈಗಳ ಈ ಕಿತಾಪತಿಯನ್ನು ಜೆ.ಆರ್. ಬಾರ್ಬರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಚ್ಚೆಯ ಬಿಸಿ 700 ಡಿಗ್ರಿ ದಾಟಿದರೆ ಕಬ್ಬಿಣದ ಒಳರಚನೆಯೇ ಬದಲಾಗುತ್ತದೆ. ಸುತ್ತಲಿನ ತಣ್ಣನೆ ಲೋಹ ಆ ಶಾಖವನ್ನು ಥಟ್ಟನೆ ಎಳೆದುಕೊಂಡಾಗ ಆ ಜಾಗ ತುಂಬಾ ಗಡುಸಾಗಿ, ಪೆಡಸಾಗಿ ಉಳಿದುಬಿಡುತ್ತದೆ. ಮುಖ ತರಿದು ಸಮ ಮಾಡಿಸಲು ಒಯ್ದಾಗ ಪೀಣ್ಯದ ಲೇತ್ ಅಂಗಡಿಯವರು ನೋಡಿದ ತಕ್ಷಣ ಹೇಳಿದರು: "ಇಲ್ಲಿ ಗಟ್ಟಿಯಾಗ್ಬಿಟ್ಟಿದೆ ಸಾರ್, ಟೂಲ್ ಹಾರುತ್ತೆ. ಗ್ರೈಂಡಿಂಗೇ ಮಾಡ್ಸಿ." ಬಿರುಕು ಆಳವಿದ್ದರೆ ಗ್ರೈಂಡಿಂಗೂ ಬೇಡ, ಹೊಸದೇ ಹಾಕಬೇಕು. ಒಳಗೆ ಸ್ಪ್ರಿಂಗ್ ಇಟ್ಟು ಎರಡು ತುಂಡಾಗಿ ಮಾಡಿದ ಡ್ಯುಯಲ್ ಮಾಸ್ ಫ್ಲೈವೀಲ್ ಆದರೆ ಸಾಮಾನ್ಯವಾಗಿ ಹೀಗೆ ಮುಖ ತರಿದು ಸಮ ಮಾಡುವುದಿಲ್ಲ, ಬದಲಾಯಿಸುತ್ತಾರೆ.

ಹೊಸದು ಹಾಕುವಾಗ ಹಗುರದ್ದು ಹಾಕೋಣವೇ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಫ್ಲೈವೀಲ್ ಬರೀ ತೂಕವಲ್ಲ, ತಿರುಗುವ ತೂಕ. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಅದು ಹದಿಮೂರು ಸುತ್ತು ಬಂದಿರುತ್ತದೆ. ಹಾಗಾಗಿ 8 ಕೆಜಿಯ ಚಕ್ರ ವೇಗ ಏರಿಸುವಾಗ 150 ಕೆಜಿಗಿಂತ ಹೆಚ್ಚಿನ ಹೊರೆ ಹಾಕುತ್ತದೆ. ಟಾಪ್ ಗೇರಿನಲ್ಲಿ ಇದೇ ಹೊರೆ ಹನ್ನೆರಡು ಕೆಜಿಯ ಆಸುಪಾಸು. ಅರ್ಧ ಮಾಡಿದರೆ ಕೆಳಗಿನ ಗೇರುಗಳಲ್ಲಿ ಪಿಕಪ್ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ನಾಲ್ಕು ಸಿಲಿಂಡರ್ ಎಂಜಿನ್ ಅರ್ಧ ಸುತ್ತಿಗೊಮ್ಮೆ ಕೊಡುವ ಒದೆತವನ್ನು ನುಣ್ಣಗೆ ಮಾಡುವುದೂ ಇದೇ ಭಾರ. ಹಗುರ ಮಾಡಿದರೆ ಸಿಗ್ನಲ್ಲಿನಲ್ಲಿ ಎಂಜಿನ್ ಕುಲುಕುತ್ತದೆ, ಗೇರ್ ಬಾಕ್ಸ್ ಗಲಗಲ ಅನ್ನುತ್ತದೆ, ಹೊರಡುವಾಗ ಸುಲಭವಾಗಿ ಆಫ್ ಆಗುತ್ತದೆ. ಆಫ್ ಆಗದಿರಲಿ ಅಂತ ನೀವು ಎಂಜಿನ್ ಏರಿಸುತ್ತೀರಿ, ಶಾಖ ಏರುತ್ತದೆ. ಅದನ್ನು ಹೀರಲು ಕಬ್ಬಿಣವೂ ಕಡಿಮೆ. ರೇಸ್ ಟ್ರ್ಯಾಕಿಗೆ ಸರಿ, ಔಟರ್ ರಿಂಗ್ ರೋಡಿಗೆ ನಾನಂತೂ ಬೇಡ ಅನ್ನುತ್ತೇನೆ.

ಕ್ಲಚ್ ಬದಲಾಯಿಸುವ ಕೆಲಸ ಮನೆಯಲ್ಲೇ ಮಾಡಬಹುದಾ? ಮಾಡಬಹುದು. ಕಷ್ಟ ಇರುವುದು ಕ್ಲಚ್ಚಿನಲ್ಲಲ್ಲ, ಅದನ್ನು ತಲುಪುವುದರಲ್ಲಿ. ಕಾರನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಲು ಸಮತಟ್ಟಾದ, ಗಟ್ಟಿ ನೆಲ ಬೇಕು. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಅದರ ಸೀಲ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಸಿಮೆಂಟ್ ಬ್ಲಾಕ್ ಅಂತೂ ಬೇಡವೇ ಬೇಡ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಜೋಡಿಸುವಾಗ ಮೆಕ್ಯಾನಿಕ್‌ಗಳು ಬೈದು ಹೇಳಿಕೊಡುವ ಕೆಲವು ಮಾತುಗಳ ಹಿಂದೆಲ್ಲ ಒಂದೊಂದು ಕಾರಣ ಇದೆ. ಹೊಸ ಫ್ಲೈವೀಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರ್ ಹಾಕಿ ಪೂರ್ತಿ ಒರೆಸಬೇಕು, ಕ್ಲಚ್ ನಡೆಯುವುದೇ ಒಣ ಘರ್ಷಣೆಯ ಮೇಲೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಎಳೆದರೆ ಅದರ ಕವಚ ಸೊಟ್ಟಗಾಗಿ ಪೆಡಲ್ ಬಿಟ್ಟಾಗಲೆಲ್ಲ ಕಾರು ನಡುಗುತ್ತದೆ. ಕ್ಲಚ್ ಪ್ಲೇಟು ನಟ್ಟನಡುವೆ ಕೂರಲು ಕಿಟ್ಟಿನ ಜೊತೆ ಒಂದು ಪ್ಲಾಸ್ಟಿಕ್ ಕೋಲು ಕೊಟ್ಟಿರುತ್ತಾರೆ. ನೋಡಲು ಆಟದ ಸಾಮಾನು, ಅದಿಲ್ಲದಿದ್ದರೆ ಗೇರ್ ಬಾಕ್ಸಿನ ಶಾಫ್ಟು ಒಳಗೆ ಹೋಗುವುದಿಲ್ಲ. ಗೇರ್ ಬಾಕ್ಸನ್ನು ಏರಿಸುವಾಗ ಅದರ ಭಾರ ಆ ಶಾಫ್ಟಿನ ಮೇಲೆ ಜೋತುಬೀಳಬಾರದು, ಪ್ಲೇಟಿನ ನಡುಭಾಗ ಬಾಗಿಬಿಡುತ್ತದೆ. ಹಳೆ ಪ್ಲೇಟಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಲೇಟಿನ ಮೇಲಿನ ಹಳೆಯ ಉಜ್ಜುವ ಪದರದಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಆಸ್ಬೆಸ್ಟಾಸ್ ಇರಬಹುದು.

ಇಷ್ಟೆಲ್ಲ ಬಿಚ್ಚಿದ ಮೇಲೆ ಪೆಡಲ್ ಒತ್ತಿದಾಗ ಸ್ಪ್ರಿಂಗನ್ನು ತಳ್ಳುವ ರಿಲೀಸ್ ಬೇರಿಂಗ್, ಗೇರ್ ಬಾಕ್ಸ್ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಮೂರನ್ನೂ ಬದಲಾಯಿಸಿಬಿಡಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗದಿದ್ದರೆ ತರಿಸಿಕೊಳ್ಳುವವರೆಗೆ ಕಾಯಿರಿ. ಆ ಸೀಲ್ ಸೋರಿದರೆ ಒಂದೊಂದು ಹನಿ ಎಂಜಿನ್ ಆಯಿಲ್ಲೂ ನೇರ ಹೊಸ ಕ್ಲಚ್ಚಿನ ಮೇಲೆ ಸಿಡಿಯುತ್ತದೆ.